ಲೇಬಲ್ ನೋಡಿ ಹೇಳು

"ಕಣ್ಣು ಮುಚ್ಕೊಂಡು ಚುಚ್ಚಬೇಡ. ಅದು ನನ್ನ ಕೈ."

ಪಾಠದ ಮಾತು ಬಿಟ್ಟರೆ ಅವನು ಅವಳಿಗೆ ಹೇಳಿದ ಮೊಟ್ಟಮೊದಲ ಮಾತು ಇದು. ಪ್ರೇಮಕಥೆ ಶುರುವಾಗುವುದಕ್ಕೆ ಇನ್ನೂ ಚೆಂದದ ಮಾತು ಬೇಕಿತ್ತು ಎಂದು ನಿಮಗೆ ಅನ್ನಿಸಿದರೆ ತಪ್ಪೇನಿಲ್ಲ. ಏನು ಮಾಡುವುದು, ಇವರಿಬ್ಬರ ಪಾಲಿಗೆ ಬಂದದ್ದು ಇದೇ.

ನರ್ಸಿಂಗ್ ಶಾಲೆಯ ಮೊದಲ ವರ್ಷ. ಪ್ರಾಕ್ಟಿಕಲ್ ಕೋಣೆಯ ಉದ್ದ ಮೇಜಿನ ಮೇಲೆ ಸ್ಪಿರಿಟ್ ಹತ್ತಿಯ ವಾಸನೆ. ಅಷ್ಟು ದಿನ ಎಲ್ಲರೂ ಬಣ್ಣ ಹೋದ ಒಂದು ರಬ್ಬರ್ ತೋಳಿಗೆ ಚುಚ್ಚಿ ಚುಚ್ಚಿ ಕಲಿತಿದ್ದರು. ರಬ್ಬರ್ ತೋಳು ಒಂದು ದಿನವೂ ಗೊಣಗಿರಲಿಲ್ಲ. ಇವತ್ತು ನಿಜವಾದ ತೋಳು. ಸಿರಿಂಜಿನಲ್ಲಿ ಇರುವುದು ಬರೀ ಉಪ್ಪುನೀರು, ಆದರೆ ಸೂಜಿ ಸೂಜಿಯೇ. ಆ ಶಾಲೆಯಲ್ಲಿ ಪ್ರತಿಯೊಬ್ಬರೂ ಮೊದಲ ಇಂಜೆಕ್ಷನ್ ಕೊಡಬೇಕಾದದ್ದು ತಮ್ಮ ಜೋಡಿಗೆ.

ಜೋಡಿ ಎಂದರೆ ಬೇರೆ ಅರ್ಥ ಮಾಡಿಕೊಳ್ಳಬೇಡಿ. ದೊಡ್ಡ ಸಿಸ್ಟರ್ ಮೊದಲ ದಿನವೇ ಇಬ್ಬಿಬ್ಬರನ್ನು ನಿಲ್ಲಿಸಿ, ಕೊನೆಯ ವರ್ಷದವರೆಗೂ ನೀವಿಬ್ಬರು ಒಟ್ಟಿಗೆ ಎಂದು ಹೇಳಿಬಿಡುತ್ತಿದ್ದರು. ಶಾಲೆಯ ಮುಖ್ಯಸ್ಥೆ ಅವರು. ಅವರು ಹೇಳಿದ ಮೇಲೆ ಮುಗಿಯಿತು.

ನಮ್ಮ ಹುಡುಗಿಯ ಕೈ ಗಡಗಡ ನಡುಗುತ್ತಿತ್ತು. ಅವಳ ಅಮ್ಮ ಟೈಲರ್. ಹುಟ್ಟಿದಾಗಿನಿಂದ ಸೂಜಿಯ ನಡುವೆಯೇ ಬೆಳೆದವಳು. ಸೂಜಿಗೆ ಹೆದರುವ ಟೈಲರ್ ಮಗಳು ಎಂದು ಗೆಳತಿಯರು ಆಡಿಕೊಂಡು ನಗುತ್ತಿದ್ದರು. 'ಬಟ್ಟೆ ಅಳೋದಿಲ್ಲ, ಮನುಷ್ಯರು ಅಳ್ತಾರೆ' ಎಂದು ಅವಳು ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಳ್ಳುತ್ತಿದ್ದಳು.

ಕಣ್ಣು ತೆರೆದಳು. ಚುಚ್ಚಿದಳು. ಉಪ್ಪುನೀರು ಒಳಗೆ ಹೋಯಿತು. ಸೂಜಿ ತೆಗೆದಾಗ ಒಂದು ಹನಿ ರಕ್ತ ಬಂತು... ಅದನ್ನು ನೋಡಿದ್ದಷ್ಟೇ ನೆನಪು.

ಎಚ್ಚರವಾದಾಗ ಅವಳು ನೆಲದ ಮೇಲಿದ್ದಳು. ತಲೆಯ ಕೆಳಗೆ ಯಾರದೋ ಮಡಚಿದ ಏಪ್ರನ್. ಅವನು ಪಕ್ಕದಲ್ಲಿ ಕೂತು ತನ್ನ ತೋಳಿಗೆ ತಾನೇ ಹತ್ತಿ ಒತ್ತಿಕೊಂಡಿದ್ದ.

"ನೋವಾಯ್ತಾ?" ಎಂದಳು.

"ಇಲ್ಲಪ್ಪ. ಗೊತ್ತೇ ಆಗ್ಲಿಲ್ಲ."

ಹಸೀ ಸುಳ್ಳು. ಮಾರನೇ ದಿನ ಆ ತೋಳು ನೀಲಿಗಟ್ಟಿತ್ತು. ಅವನು ವಾರವಿಡೀ, ಸೆಕೆಯಲ್ಲೂ, ತುಂಬುತೋಳಿನ ಶರ್ಟ್ ಹಾಕಿಕೊಂಡು ಓಡಾಡಿದ. ಅವಳಿಗೆ ಅದು ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ. ಆದರೂ ಗೊತ್ತಾಯಿತು. ಅಂದಿನಿಂದ ಅವಳ ಎದೆಯಲ್ಲಿ ಏನೋ ಒಂದು ಸದ್ದಿಲ್ಲದೆ ಬಂದು ಕೂತಿತು.

ಅಂದೇ ತರಗತಿ ಅವಳಿಗೆ 'ಪುಕ್ಕಲಿ' ಎಂದು ಹೆಸರಿಟ್ಟಿತು. ಅವನಿಗೆ ಮೊದಲೇ ಒಂದು ಹೆಸರಿತ್ತು, 'ಮೈಕು'. ಬಸ್ ಕಂಡಕ್ಟರ್ ಮಗ. ಅಪ್ಪನ ಗಂಟಲು ಹಾಗೇ ಬಂದಿತ್ತು. ಅವನು ಪಿಸುಗುಟ್ಟಿದರೆ ಪಕ್ಕದ ವಾರ್ಡಿಗೂ ಕೇಳುತ್ತಿತ್ತು.

ಆ ಗಂಟಲಿಗೆ ಆ ಶಾಲೆಯಲ್ಲಿ ಒಳ್ಳೆಯ ಕೆಲಸವಿತ್ತು. ಅಲ್ಲಿ ಯಾರೂ ಒಬ್ಬರೇ ಔಷಧಿ ಕೊಡುವಂತಿಲ್ಲ. ಜೋಡಿಯಲ್ಲಿ ಒಬ್ಬರು ಬಾಟಲಿಯ ಲೇಬಲ್ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅದೇ ಲೇಬಲ್ ನೋಡಿ ಮತ್ತೆ ಹೇಳಬೇಕು. ಆಮೇಲೆಯೇ ಸೂಜಿ.

"ಕೇಳಿ ಹೇಳೋದಲ್ಲ, ನೋಡಿ ಹೇಳೋದು," ಎಂದು ದೊಡ್ಡ ಸಿಸ್ಟರ್ ಮೊದಲ ವಾರವೇ ಎಚ್ಚರಿಸಿದ್ದರು. "ನನ್ನ ವಾರ್ಡಿನಲ್ಲಿ ನನಗೆ ಗಿಳಿಗಳು ಬೇಡ."

ಅವಳು ಮೆಲ್ಲಗೆ ಓದುವಳು. ಅವನು ಊರಿಗೆಲ್ಲ ಕೇಳುವಂತೆ ಹೇಳುವನು. ಮಲಗಿದ್ದ ರೋಗಿಗಳು ನಗುವರು. ಎರಡು ವರ್ಷ ಹೀಗೇ ಹೋಯಿತು. ಆ ಎರಡು ವರ್ಷ ಪುಕ್ಕಲಿ ಎಷ್ಟು ಸುಖವಾಗಿದ್ದಳು ಎಂದರೆ, ಸುಖವಾಗಿದ್ದೇನೆ ಎನ್ನುವುದೂ ಅವಳ ಗಮನಕ್ಕೆ ಬರಲಿಲ್ಲ.

*

ಈಗ ಕೊನೆಯ ವರ್ಷವೂ ಮುಗಿದಿದೆ. ಇವತ್ತು ಶಾಲೆಯ ಕೊನೆಯ ದಿನ.

ಪುಕ್ಕಲಿ ಕನ್ನಡಿಯ ಮುಂದೆ ನಿಂತಿದ್ದಾಳೆ. ಬಾಯಿ ಒಣಗಿದೆ. ಬೆಳಗಿನಿಂದ ನೀರು ಕುಡಿದು ಕುಡಿದು ಹೊಟ್ಟೆ ತುಂಬಿದೆ, ಬಾಯಿ ಮಾತ್ರ ಹಾಗೇ ಇದೆ.

ಹಿಂದಿನ ಕೋಣೆಯಿಂದ ಹೊಲಿಗೆ ಮೆಷಿನ್ನಿನ ಸದ್ದು. ಅಮ್ಮ ಬಿಳಿ ಯೂನಿಫಾರಂಗೆ ಕೊನೆಯ ಹೊಲಿಗೆ ಹಾಕುತ್ತಿದ್ದಾಳೆ. ನಾಳೆಯಿಂದ ಮಗಳು ವಿದ್ಯಾರ್ಥಿನಿಯಲ್ಲ, ಆಸ್ಪತ್ರೆಯ ನರ್ಸ್. ಅಂಗಡಿಯ ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟು ಅಮ್ಮ ಇದನ್ನು ಹೊಲಿದಿದ್ದಾಳೆ. ಜೇಬನ್ನು ಮಾತ್ರ ಬಿಚ್ಚಿ ಬಿಚ್ಚಿ ಮತ್ತೆ ಹಾಕಿದ್ದಾಳೆ, ಪೆನ್ನು ನೆಟ್ಟಗೆ ನಿಲ್ಲಬೇಕಂತೆ.

ಅಮ್ಮನಿಗೆ ಒಂದು ವಿಷಯ ಗೊತ್ತಿಲ್ಲ. ಮಗಳು ಹೋದ ವಾರವೇ ದೊಡ್ಡ ಸಿಸ್ಟರ್ ಮುಂದೆ ನಿಂತು, ನಾನು ಕೆಲಸಕ್ಕೆ ಸೇರುವುದಿಲ್ಲ, ಈ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಹೇಳಿ ಬಂದಿದ್ದಾಳೆ. ಸಿಸ್ಟರ್ ಕನ್ನಡಕ ತೆಗೆದು ಅವಳನ್ನು ನೋಡಿ, ಮೊದಲು ಹಿನ್ನೋಟದ ದಿನ ಮುಗಿಯಲಿ, ಆಮೇಲೆ ಬಂದು ಇದೇ ಮಾತು ಹೇಳು ಎಂದಿದ್ದರು, ಅಷ್ಟೇ.

ಹಿನ್ನೋಟದ ದಿನ! ಅದೇ ಅವಳ ಜೀವ ಹಿಂಡುತ್ತಿರುವುದು.

ಆ ಶಾಲೆಯಲ್ಲಿ ಕೊನೆಯ ದಿನ ಯಾರೂ ತಮ್ಮ ಬಗ್ಗೆ ಮಾತಾಡುವುದಿಲ್ಲ. ಮೊದಲ ವರ್ಷದ ಜೋಡಿಗಳು ವೇದಿಕೆಯ ಮೇಲೆ ಎದುರುಬದುರು ಕೂರಬೇಕು. ಅವನು ಅವಳ ಬಗ್ಗೆ, ಅವಳು ಅವನ ಬಗ್ಗೆ ಹೇಳಬೇಕು. ಬಂದಾಗ ಹೇಗಿದ್ದರು, ವರ್ಷ ವರ್ಷಕ್ಕೆ ಏನು ಕಲಿತರು, ಎಲ್ಲಿ ಎಡವಿದರು ಎಲ್ಲವನ್ನೂ. ಕೇಳುವವರು ನಡುವೆ ಬಾಯಿ ಹಾಕುವಂತಿಲ್ಲ. ಕೊನೆಗೆ ಇಬ್ಬರೂ, ಮೊದಲ ವರ್ಷ ಮಾಡಿದ ಹಾಗೆಯೇ, ಒಬ್ಬರಿಗೊಬ್ಬರು ಉಪ್ಪುನೀರಿನ ಇಂಜೆಕ್ಷನ್ ಕೊಡಬೇಕು. ಮುಂದಿನ ಸಾಲುಗಳಲ್ಲಿ ಕಿರಿಯ ವಿದ್ಯಾರ್ಥಿಗಳು, ಹಿಂದೆ ಮನೆಯವರು.

ಜೋಡಿ ನಡುವೆ ಬದಲಾಗಿದ್ದರೂ ಸರಿ, ಆ ದಿನ ಕೂರಬೇಕಾದದ್ದು ಮೊದಲ ಜೋಡಿಯ ಎದುರಿಗೇ.

ಅವಳ ಜೋಡಿ ಬದಲಾಗಿತ್ತು. ಮೈಕು ಅವಳ ಹತ್ತಿರ, ಅವಳು ಮೈಕಿನ ಹತ್ತಿರ, ಒಂದು ವರ್ಷದಿಂದ ಒಂದು ಮಾತೂ ಆಡಿಲ್ಲ.

'ಅವನು ಆ ಮಧ್ಯಾಹ್ನದ ಬಗ್ಗೆ ಹೇಳ್ತಾನೆ... ಅಮ್ಮನ ಮುಂದೆ ಹೇಳ್ತಾನೆ. ಇವಳು ಒಬ್ಬ ಅಜ್ಜಿಯನ್ನ ಸಾಯಿಸೋಕೆ ಹೋಗಿದ್ಲು ಅಂತ ಎಲ್ಲರ ಮುಂದೆ ಹೇಳ್ತಾನೆ!'

ಅಮ್ಮ ಯೂನಿಫಾರಂ ಎತ್ತಿ ಹಿಡಿದು ಬಾಗಿಲಲ್ಲಿ ನಿಂತಳು. ಭುಜದ ಹತ್ತಿರ ಸರಿಯಾಗಿದೆಯಾ ನೋಡು ಎಂದಳು. ಸರಿಯಾಗಿದೆ ಅಮ್ಮ ಎಂದು ಪುಕ್ಕಲಿ ನೋಡದೆಯೇ ಹೇಳಿದಳು. ಹೇಳಿದ ಮರುಕ್ಷಣ, ನೋಡದೆ ಹೇಳಿದೆನಲ್ಲ ಎಂದು ಬೆಚ್ಚಿ ತಿರುಗಿ ಭುಜದ ಹೊಲಿಗೆಯನ್ನು ನೋಡಿದಳು.

*

ಆ ಮಧ್ಯಾಹ್ನ ಏನಾಯಿತು ಎಂದು ನಿಮಗೂ ಹೇಳಿಬಿಡಬೇಕು. ಪುಕ್ಕಲಿಯ ನೆನಪಿನಲ್ಲಿ ಉಳಿದದ್ದು ಇಷ್ಟು.

ಮೂರನೇ ವರ್ಷ. ಹೆಂಗಸರ ವಾರ್ಡ್. ಊಟಕ್ಕೆ ಮುಂಚಿನ ಔಷಧಿಯ ಹೊತ್ತು. ಕಿಟಕಿಯ ಪಕ್ಕದ ಬೆಡ್ಡಿನಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ ಇದ್ದರು. ಬಲೇ ಮಾತಿನ ಅಜ್ಜಿ. ಇವರಿಬ್ಬರು ಟ್ರಾಲಿ ತಳ್ಳಿಕೊಂಡು ಬಂದರೆ ಸಾಕು, ಬಂದರಪ್ಪ ಗಂಡ ಹೆಂಡತಿ ಎಂದು ರೇಗಿಸುವರು. ಅವಳ ಮುಖ ಕೆಂಪಾಗುವುದು, ಮೈಕು ಟ್ರಾಲಿಯ ಚಕ್ರ ನೋಡುವನು.

ಅಜ್ಜಿಗೆ ಕೊಡಬೇಕಾದದ್ದು ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್. ಟ್ರೇಯಲ್ಲಿ ಅದರ ಪಕ್ಕದಲ್ಲೇ ಇನ್ನೊಂದಿತ್ತು, ಕೊಟ್ಟ ಕೂಡಲೇ ಸಕ್ಕರೆ ಇಳಿಸುವಂಥದ್ದು. ಪುಕ್ಕಲಿಯ ಕೈಗೆ ಬಂದದ್ದು ಆ ಬಾಟಲಿ. ಅವಳ ಕಣ್ಣು ಇದ್ದದ್ದು ಕೇಸ್ ಶೀಟಿನ ಮೇಲೆ. ಅಲ್ಲಿದ್ದ ಹೆಸರನ್ನೇ ಬಾಟಲಿಯ ಹೆಸರೆಂದು ಓದಿದಳು. ಮೈಕು ಅದನ್ನೇ ಗಟ್ಟಿಯಾಗಿ ಹೇಳಿದ. ಇಂಜೆಕ್ಷನ್ ಆಯಿತು. ಟ್ರಾಲಿ ಮುಂದೆ ಹೋಯಿತು.

ಸ್ವಲ್ಪ ಹೊತ್ತಿಗೆ ಅಜ್ಜಿಯ ಹಣೆಯಲ್ಲಿ ಬೆವರು ಇಳಿಯತೊಡಗಿತು, ಮಾತು ತೊದಲಿತು, ಕೈ ಅಲುಗಿತು. ಆಮೇಲೆ ಓಡಾಟ, ಡಾಕ್ಟರ್, ಗ್ಲೂಕೋಸ್. ಅಜ್ಜಿ ಉಳಿದರು. ಸಂಜೆಯ ಹೊತ್ತಿಗೆ ಎದ್ದು ಕೂತು ಬಿಸ್ಕತ್ತು ಕೇಳಿದರಂತೆ.

ಪುಕ್ಕಲಿ ಅದನ್ನು ನೋಡಲಿಲ್ಲ. ತಪ್ಪು ನನ್ನದೇ ಎಂದು ದೊಡ್ಡ ಸಿಸ್ಟರ್‌ಗೆ ಹೇಳಿ, ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಅಜ್ಜಿ ಮನೆಗೆ ಹೋಗುವವರೆಗೂ ಆ ಕಿಟಕಿಯ ಕಡೆ ಸುಳಿಯಲಿಲ್ಲ.

ಮಾರನೇ ದಿನ ದೊಡ್ಡ ಸಿಸ್ಟರ್ ಕರೆದು, ಇನ್ನು ಮೇಲೆ ನಿನಗೆ ಬೇರೆ ಜೋಡಿ ಎಂದರು. ಅವನೇ ಬಂದು ಬದಲಿಸಿ ಎಂದು ಕೇಳಿಕೊಂಡನಂತೆ.

ಅವನೇ!

ಸಿಸ್ಟರ್ ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಶಾಲೆಯಿಂದಲೇ ಹೊರಗೆ ಹಾಕಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಆದರೆ ನೀಲಿಗಟ್ಟಿದ ತೋಳನ್ನು ಮುಚ್ಚಿಟ್ಟುಕೊಂಡವನು, ಅವಳ ಒಂದು ತಪ್ಪಿಗೆ ಕೈ ತೊಳೆದುಕೊಂಡು ಹೋದದ್ದು ಅವಳನ್ನು ಒಳಗೇ ಮುರಿದುಹಾಕಿತು. ಅವನು ಒಮ್ಮೆ ಒಗೆದ ಬಟ್ಟೆ ಇಡುವ ಕೋಣೆಯ ಬಾಗಿಲಲ್ಲಿ ನಿಂತು, ಒಂದು ಮಾತು ಹೇಳಬೇಕಿತ್ತು ಎಂದ. ಅವಳು ಒಗೆದ ಬೆಡ್‌ಶೀಟುಗಳನ್ನು ಮುಖ ಮುಚ್ಚುವಷ್ಟು ಎತ್ತಿ ಹೊತ್ತುಕೊಂಡು, ಪಕ್ಕದಿಂದ ಹೊರಟುಹೋದಳು. ಅವನು ಮತ್ತೆ ಬರಲಿಲ್ಲ.

ಅಲ್ಲಿಂದ ಮುಂದೆ ಅವಳಿಗೆ ಉಳಿದದ್ದು ಭಯವೊಂದೇ. ಲೇಬಲ್ ಓದುವಳು. ಮತ್ತೆ ಓದುವಳು. ಬಾಟಲಿ ಇಟ್ಟು, ಮತ್ತೆ ಎತ್ತಿ ಓದುವಳು. ಮನೆಗೆ ಹೋದ ಮೇಲೂ ಕೈಯಲ್ಲಿ ಬಾಟಲಿ ಇದ್ದಂತೆಯೇ ಬೆರಳು ಮಡಚಿಕೊಂಡಿರುವುದು. ಹೊಸ ಜೋಡಿಯ ಹುಡುಗಿ ಜಪ ಮುಗಿಯಿತಾ ಎಂದು ನಗುವಳು. ಪರೀಕ್ಷೆಯಲ್ಲಿ ಪಾಸಾದಳು, ಒಳ್ಳೆಯ ಅಂಕವೂ ಬಂತು. ಭಯ ಮಾತ್ರ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ.

*

ಸಭಾಂಗಣ ತುಂಬಿತ್ತು. ಅಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅಂಗಡಿಗೆ ಹೋಗಿ ಬಂದವಳು ಕೊರಳಲ್ಲಿದ್ದ ಅಳತೆಯ ಟೇಪು ತೆಗೆಯಲು ಮರೆತಿದ್ದಳು. ದೂರದಿಂದ ಅದು ಡಾಕ್ಟರರ ಕೊರಳಿನ ಸ್ಟೆತೋಸ್ಕೋಪಿನಂತೆ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಪುಕ್ಕಲಿ ನಗುತ್ತಿದ್ದಳು.

ವೇದಿಕೆಯ ಮೇಲೆ ಎರಡು ಕುರ್ಚಿ, ನಡುವೆ ಸಣ್ಣ ಮೇಜು, ಮೇಜಿನ ಮೇಲೆ ಟ್ರೇ. ಒಂದಾದ ಮೇಲೊಂದು ಜೋಡಿ ಹತ್ತಿ ಇಳಿಯಿತು. ಅತ್ತರು, ನಕ್ಕರು, ಚಪ್ಪಾಳೆ. ಅವಳ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟರೆ? ಬಸ್ಸು ಹತ್ತಿಬಿಟ್ಟರೆ?

ಅವರ ಸರದಿ ಬಂತು.

ಕೂತಳು. ಎದುರಿಗೆ ಅವನು. ವರ್ಷವಾದ ಮೇಲೆ ಇಷ್ಟು ಹತ್ತಿರದಿಂದ ಅವನನ್ನು ನೋಡಿದ್ದು ಇವತ್ತೇ. ಇಳಿದುಹೋಗಿದ್ದ. ತುಟಿ ಒಣಗಿತ್ತು. ಅವನ ಮೊಣಕಾಲು ಮೇಜಿನ ಕೆಳಗೆ ಅಲುಗುತ್ತಿತ್ತು.

'ಇವನೂ ಹೆದರಿದ್ದಾನಾ?'

ಮೊದಲು ಅವನೇ ಮಾತಾಡಬೇಕಿತ್ತು. ನಿಯಮದ ಪ್ರಕಾರ ಅವಳ ಮುಂಗೈ ಹಿಡಿದುಕೊಂಡ. ಇಬ್ಬರ ಕೈಯೂ ಮಂಜುಗಡ್ಡೆ.

ಮೈಕಿಗೆ ಧ್ವನಿಯೇ ಹೊರಡಲಿಲ್ಲ. ಹಿಂದಿನಿಂದ ಯಾರೋ ಮೈಕ್ ಕೆಟ್ಟಿದೆ ಎಂದರು, ಸಭೆ ನಕ್ಕಿತು. ಅವನು ಉಗುಳು ನುಂಗಿ ಶುರುಮಾಡಿದ. ಮೊದಲ ವರ್ಷದ ಬಗ್ಗೆ ಹೇಳಿದ. ಇವಳು ನನ್ನ ಕೈಗೆ ಚುಚ್ಚಿ ತಾನೇ ಬಿದ್ದುಹೋದಳು ಎಂದಾಗ ಮತ್ತೆ ನಗು. ಎರಡನೇ ವರ್ಷದ ಬಗ್ಗೆ ಹೇಳಿದ. ಯಾರು ತಿನ್ನಿಸಿದರೂ ಊಟ ಮಾಡದಿದ್ದ ಮಗುವಿಗೆ ಇವಳು ಹತ್ತಿಯಲ್ಲಿ ಗೊಂಬೆ ಹೊಲಿದುಕೊಟ್ಟು ಊಟ ಮಾಡಿಸಿದ್ದನ್ನು ಹೇಳಿದ. ಅವಳಿಗೇ ಮರೆತುಹೋಗಿತ್ತು ಅದು.

"ಮೂರನೇ ವರ್ಷ..." ಎಂದು ನಿಲ್ಲಿಸಿದ.

ಬಂತು! ಪುಕ್ಕಲಿ ಕಣ್ಣು ಮುಚ್ಚಿಕೊಂಡಳು.

"ಮೂರನೇ ವರ್ಷ ನಮ್ಮಿಂದ ಒಂದು ದೊಡ್ಡ ತಪ್ಪಾಯ್ತು. ಒಬ್ಬ ಅಜ್ಜಿಗೆ ತಪ್ಪು ಇಂಜೆಕ್ಷನ್ ಹೋಯ್ತು. ಇವಳು ತಪ್ಪು ಓದಿದಳು ಅಂತ ಎಲ್ಲರಿಗೂ ಗೊತ್ತು, ಯಾಕಂದ್ರೆ ಇವಳೇ ಹೇಳಿದ್ಳು. ಗೊತ್ತಿಲ್ಲದೇ ಇರೋದು ಎರಡು ವಿಷಯ. ಅದನ್ನ ಹೇಳೋಕೇ ನಾನು ಇಲ್ಲಿ ಕೂತಿದ್ದೀನಿ."

ಮುಂದಿನ ಸಾಲಿನವರು ಕುರ್ಚಿಯ ತುದಿಗೆ ಸರಿದು ಕೂತರು.

"ಇಂಜೆಕ್ಷನ್ ಕೊಟ್ಟು ನಾವು ಮುಂದೆ ಹೋಗಿದ್ವಿ. ಇವಳು ನಡುವೆ ನಿಂತು, ಯಾಕೋ ಭಯ ಆಗ್ತಿದೆ, ಹೋಗಿ ನೋಡ್ಕೊಂಡು ಬರ್ತೀನಿ ಅಂದ್ಳು. ನಾನು ನಕ್ಕೆ. ಪುಕ್ಕಲಿ ಅಂದೆ. ಇವಳು ಹೋದ್ಳು. ಅಜ್ಜಿ ಬೆವರೋದನ್ನ ಮೊದಲು ನೋಡಿದ್ದು ಇವಳು. ಕೂಗಿದ್ದು ಇವಳು. ಇನ್ನೂ ಸ್ವಲ್ಪ ಹೊತ್ತು ಯಾರೂ ನೋಡದೇ ಇದ್ದಿದ್ರೆ..." ಅವನು ತಲೆ ಅಲ್ಲಾಡಿಸಿದ. "ಅಜ್ಜಿಯನ್ನ ಉಳಿಸಿದ್ದು ಇವಳ ಭಯ. ನನ್ನ ಧೈರ್ಯ ಅಲ್ಲ."

ಅವಳು ಕಣ್ಣು ತೆರೆದಳು. ಹೌದು, ಹೋಗಿದ್ದಳು. ಒಂದು ವರ್ಷದಿಂದ ಬಾಟಲಿಯನ್ನೇ ನೆನೆಸಿಕೊಂಡು ನಡುಗಿದವಳು, ತಿರುಗಿ ಹೋದದ್ದನ್ನು ಒಂದು ಸಲವೂ ನೆನೆಸಿಕೊಂಡಿರಲಿಲ್ಲ.

"ಎರಡನೇದು," ಎಂದ ಮೈಕು. "ಇವಳು ಓದಿದಾಗ ನಾನು ಲೇಬಲ್ ನೋಡ್ಲಿಲ್ಲ. ನೋಡಿದ್ದಿದ್ರೆ ಅಲ್ಲೇ ಹಿಡೀತಿದ್ದೆ, ಬಾಟಲಿ ನನ್ನ ಮೂಗಿನ ಕೆಳಗೇ ಇತ್ತು. ಕೇಳಿ ಹೇಳಿದೆ. ಗಿಳಿ ಥರ. ಇದನ್ನ ಅವತ್ತೇ ದೊಡ್ಡ ಸಿಸ್ಟರ್‌ಗೆ ಹೇಳಿ, ಇವಳ ಪಕ್ಕ ನಾನು ನಿಲ್ಲಬಾರದು, ಜೋಡಿ ಬದಲಿಸಿ ಅಂತ ಕೇಳ್ಕೊಂಡೆ. ಇವಳಿಗೆ ಹೇಳೋಕೆ ಆಗ್ಲಿಲ್ಲ. ಹೆದರಿಕೆ. ಪುಕ್ಕಲ ಅಂದ್ರೆ ನಾನು."

ದೊಡ್ಡ ಸಿಸ್ಟರ್ ಮೊದಲ ಸಾಲಿನಲ್ಲಿ ನೆಟ್ಟಗೆ ಕೂತಿದ್ದರು. ಅಲ್ಲಗಳೆಯಲಿಲ್ಲ.

'ನನ್ನ ಬಿಟ್ಟು ಹೋಗಿದ್ದಲ್ಲ... ನನ್ನ ಪಕ್ಕ ನಿಂತ್ರೆ ಇನ್ನೊಬ್ಬರಿಗೆ ಅಪಾಯ ಅಂತ ಹೋಗಿದ್ದು... ಆದ್ರೆ ಯಾಕೆ ನೋಡ್ಲಿಲ್ಲ? ಯಾವತ್ತೂ ತಪ್ಪದೇ ನೋಡ್ತಿದ್ದವನು!'

ಅಷ್ಟರಲ್ಲಿ ಅವಳ ಸರದಿ ಬಂದುಬಿಟ್ಟಿತು.

ಅವನ ಕೈ ಹಿಡಿದಳು. ಹಿಂದಿನ ಸಾಲಿನಲ್ಲಿ ಅಮ್ಮ ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅಮ್ಮ ಎಲ್ಲವನ್ನೂ ಕೇಳಿದ್ದಳು. ಅಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ, ಮಗಳು ಮೊದಲ ಬಾರಿ ನಡೆಯುವುದನ್ನು ನೋಡುವಾಗ ಇರುವಂಥ ಗಾಬರಿ ಇತ್ತು.

"ಇವನು ಬಂದಾಗ ದುಡುಕ," ಎಂದಳು ಪುಕ್ಕಲಿ. ಅವಳ ದನಿ ಮೂರನೇ ಸಾಲಿಗೂ ತಲುಪಲಿಲ್ಲ. ಗಟ್ಟಿಯಾಗಿ ಎಂದು ಯಾರೋ ಹೇಳಿದರು. ಅವಳು ಗಟ್ಟಿ ಮಾಡಿದಳು.

ಎಲ್ಲ ಕೆಲಸವೂ ಬೇಗ ಮುಗಿಯಬೇಕಿತ್ತು ಇವನಿಗೆ ಎಂದಳು. ಬ್ಯಾಂಡೇಜ್ ಬಿಚ್ಚುವಾಗ ರೋಗಿಗಳು ಬೈಯುತ್ತಿದ್ದರು. ಗಂಡು ಹುಡುಗ ಈ ಕೆಲಸಕ್ಕೆ ಯಾಕೆ ಬಂದೆ ಎಂದು ಕೇಳಿದರೆ ಜಗಳಕ್ಕೆ ನಿಲ್ಲುತ್ತಿದ್ದ. ಈಗ ನಕ್ಕು, ನಿಮ್ಮ ಸೇವೆಗೆ ಅನ್ನುತ್ತಾನೆ. ಬ್ಯಾಂಡೇಜನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಕಾದು, ಆಮೇಲೆ ಬಿಚ್ಚುತ್ತಾನೆ. ಬೆಳಗಿನ ಡ್ಯೂಟಿಯಲ್ಲಿ ರೋಗಿಯನ್ನು ಮುಟ್ಟುವ ಮುಂಚೆ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾನೆ. ಯಾರೂ ಇದನ್ನು ಇವನಿಗೆ ಹೇಳಿಕೊಟ್ಟಿಲ್ಲ, ಈ ವರ್ಷ ತಾನಾಗಿಯೇ ಕಲಿತ. ಮತ್ತೆ ಈ ವರ್ಷ ಇವನ ಧ್ವನಿ ತಗ್ಗಿದೆ. ಲೇಬಲ್ ಹೇಳುವಾಗ ಬೆರಳಿಟ್ಟು ಅಕ್ಷರ ಅಕ್ಷರ ನೋಡಿ ಹೇಳುತ್ತಾನೆ.

ಇಲ್ಲಿ ದೊಡ್ಡ ಸಿಸ್ಟರ್ ನಿಯಮ ಮುರಿದರು.

"ಒಂದು ವರ್ಷ ಮಾತಾಡದೇ ಇದ್ದೋಳು, ಇಷ್ಟೆಲ್ಲ ಯಾವಾಗ ನೋಡ್ದೆ?"

ಸಭೆ ಗೊಳ್ಳೆಂದು ನಕ್ಕಿತು. ಪುಕ್ಕಲಿಯ ಕಿವಿ ಕೆಂಪಾಯಿತು. ಸಿಕ್ಕಿಬಿದ್ದಿದ್ದಳು! ದಿನಾ ನೋಡಿದ್ದಳು. ಬಾಗಿಲ ಸಂದಿಯಿಂದ, ಪರದೆಯ ಈಚೆಯಿಂದ, ಬೆಡ್‌ಶೀಟುಗಳ ಮೇಲಿನಿಂದ. ಮುಖ ತಿರುಗಿಸಿಕೊಂಡು ಹೋಗುತ್ತಲೇ ನೋಡಿದ್ದಳು.

*

ಉಳಿದದ್ದು ಇಂಜೆಕ್ಷನ್. ಮೊದಲ ಸರದಿ ಅವಳದು.

ಟ್ರೇಯಿಂದ ಬಾಟಲಿ ಎತ್ತಿಕೊಂಡಳು. ಉಪ್ಪುನೀರು ಎಂದು ಗೊತ್ತು. ಗೊತ್ತು ಎನ್ನುವುದನ್ನೇ ಅವಳು ನಂಬುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಬಾಟಲಿಯನ್ನು ಬೆಳಕಿಗೆ ಹಿಡಿದು ಲೇಬಲ್ ಓದಿದಳು. ಹೆಸರು, ತಾರೀಕು, ಎಲ್ಲ.

ಮೈಕು ಮುಂದಕ್ಕೆ ಬಾಗಿ, ಲೇಬಲ್ ಮೇಲೆ ಬೆರಳಿಟ್ಟು, ನೋಡಿ ಹೇಳಿದ. ವರ್ಷದಿಂದ ತಗ್ಗಿದ್ದ ಆ ಗಂಟಲು ಸಭಾಂಗಣದ ಕೊನೆಯ ಗೋಡೆಗೆ ಹೋಗಿ ಬಡಿಯಿತು. ಮುಂದಿನ ಸಾಲುಗಳ ಕಿರಿಯರು ಹೋ ಎಂದು ಕೂಗಿದರು. ಚಪ್ಪಾಳೆ ಬಿತ್ತು.

ಆ ಗದ್ದಲದ ನಡುವೆ ಅವಳು ಅವನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸುತ್ತ, ತಲೆ ಎತ್ತದೆ ಕೇಳಿದಳು.

"ಅವತ್ತು ಲೇಬಲ್ ನೋಡದೆ ಏನು ನೋಡ್ತಿದ್ದೆ?"

ಅವನು ಟ್ರೇಯಲ್ಲಿದ್ದ ಹತ್ತಿಯನ್ನು ಸರಿಮಾಡತೊಡಗಿದ.

"ಹೇಳು. ನಾನು ಒಂದು ವರ್ಷ ಸತ್ತಿದ್ದೀನಿ."

"ನಿನ್ನನ್ನ," ಎಂದ. ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ಧ್ವನಿ ಬರಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. "ಅಜ್ಜಿ ಏನೋ ರೇಗಿಸಿದ್ರಲ್ಲ... ನೀನು ನಗು ತಡ್ಕೊಂಡು ಓದ್ತಿದ್ದೆ. ನಾನು ನಿನ್ನ ಮುಖ ನೋಡ್ತಿದ್ದೆ."

ಅವಳ ಕೈಯಲ್ಲಿ ಸಿರಿಂಜ್ ನಿಂತುಬಿಟ್ಟಿತು. ಸಂತೋಷವೋ ಭಯವೋ, ಎರಡನ್ನೂ ಬೇರೆ ಮಾಡಲು ಆಗಲಿಲ್ಲ. ಒಬ್ಬರ ಜೀವಕ್ಕೇ ಕುತ್ತು ತರಬಹುದಾಗಿದ್ದ ಪ್ರೀತಿ ಇದು. ಕೇಳಿ ಕುಣಿಯುವಂಥ ಮಾತಲ್ಲ. ಆದರೂ ಅವಳ ಕಣ್ಣಲ್ಲಿ ನೀರು ತುಂಬಿತು.

"ಕೈಯಲ್ಲಿ ಸೂಜಿ ಇರುವಾಗ ಇದನ್ನ ಹೇಳ್ತೀಯಾ?"

"ಕೇಳಿದ್ದು ನೀನು."

ಅವಳು ಕಣ್ಣು ಒರೆಸಿಕೊಂಡಳು. ಮತ್ತೊಮ್ಮೆ ಲೇಬಲ್ ನೋಡಿದಳು. ಕಣ್ಣು ತೆರೆದೇ ಚುಚ್ಚಿದಳು. ಕೈ ನಡುಗಿತು, ಆದರೆ ಸೂಜಿ ಹೋಗಬೇಕಾದ ಕಡೆಗೇ ಹೋಯಿತು.

"ನೋವಾಯ್ತಾ?"

"ಸ್ವಲ್ಪ ಆಯ್ತು," ಎಂದ ಮೈಕು.

ಅವಳಿಗೆ ನಗು ಬಂತು. ಇಷ್ಟು ವರ್ಷದಲ್ಲಿ ಇವನೂ ಒಂದು ವಿಷಯ ಕಲಿತಿದ್ದ.

*

ಎಲ್ಲರೂ ಊಟಕ್ಕೆ ಹೋದ ಮೇಲೆ ಇಬ್ಬರೂ ಪ್ರಾಕ್ಟಿಕಲ್ ಕೋಣೆಯಲ್ಲಿ ಟ್ರೇ ತೊಳೆಯುತ್ತ ನಿಂತಿದ್ದರು. ರಬ್ಬರ್ ತೋಳು ಗೋಡೆಯಲ್ಲಿ ನೇತಾಡುತ್ತ ಎಲ್ಲ ಕೇಳಿಸಿಕೊಳ್ಳುತ್ತಿತ್ತು.

ಅಜ್ಜಿ ಮನೆಗೆ ಹೋಗುವ ದಿನ ಅವಳೆಲ್ಲಿ ಎಂದು ವಿಚಾರಿಸಿದ್ದರು ಎಂದು ಅವನು ಹೇಳಿದ. ನಡೆದದ್ದನ್ನೆಲ್ಲ ಅಜ್ಜಿಗೆ ಅವನೇ ಹೇಳಿ, ಕಾಲು ಮುಟ್ಟಿ ಕ್ಷಮೆ ಕೇಳಿದ್ದನಂತೆ. ಅಜ್ಜಿ ಚೆನ್ನಾಗಿ ಬೈದರಂತೆ. ಬೈದು, ಆ ಹುಡುಗಿ ಓಡಿ ಬಂದಳಲ್ಲ, ಅವಳಿಗೆ ಹೇಳು ನಾನು ಬಿಸ್ಕತ್ತು ತಿಂದೆ ಅಂತ ಎಂದರಂತೆ. ಬಟ್ಟೆ ಕೋಣೆಯ ಬಾಗಿಲಲ್ಲಿ ಅವನು ಹೇಳಬೇಕೆಂದು ನಿಂತದ್ದು ಅದನ್ನೇ.

ಪುಕ್ಕಲಿ ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ಅತ್ತಳು. ಅಳು ನಿಂತ ಮೇಲೆ, ನಾನು ಕೆಲಸಕ್ಕೆ ಸೇರುವುದಿಲ್ಲ ಎಂದು ಹೇಳಿ ಬಂದಿದ್ದೆ ಎಂದಳು.

"ಈಗ?"

ಅವಳು ಯೋಚಿಸಿದಳು. ಅಮ್ಮ ಬಿಚ್ಚಿ ಬಿಚ್ಚಿ ಹೊಲಿದ ಆ ಜೇಬು ನೆನಪಾಯಿತು. ತಪ್ಪಾಗಿದ್ದನ್ನು ಬಿಚ್ಚದೆ ಅಮ್ಮ ಒಂದು ಬಟ್ಟೆಯನ್ನೂ ಗಿರಾಕಿಗೆ ಕೊಟ್ಟವಳಲ್ಲ. ಹಾಗೆಂದು ಹೊಲಿಯುವುದನ್ನೂ ಬಿಟ್ಟವಳಲ್ಲ.

"ಸೇರ್ತೀನಿ. ಭಯ ಹೋಗಿಲ್ಲ. ಇಟ್ಕೊಂಡೇ ಸೇರ್ತೀನಿ."

ಅವನು ಟ್ರೇ ಒರೆಸಿ ಇಟ್ಟ. ಇನ್ನೂ ಏನೋ ಹೇಳುವುದಿತ್ತು. ಕಿಟಕಿ ನೋಡಿದ, ರಬ್ಬರ್ ತೋಳು ನೋಡಿದ, ಕೊನೆಗೆ ಅವಳನ್ನು ನೋಡಿದ.

"ನನಗೆ ಗಂಡಸರ ವಾರ್ಡ್ ಕೊಡಿ ಅಂತ ಸಿಸ್ಟರ್‌ನ ಕೇಳಿದ್ದೀನಿ. ನಿನ್ನ ಪಕ್ಕ ನಿಂತ್ರೆ ಇವತ್ತಿಗೂ ನಾನು ಲೇಬಲ್ ನೋಡ್ತೀನಿ ಅನ್ನೋ ನಂಬಿಕೆ ಇಲ್ಲ. ಔಷಧಿಗೆ ನೀನು ಬೇರೆ ಜೋಡಿ ಹುಡುಕ್ಕೋ." ಅವನು ಒರೆಸಿಟ್ಟ ಟ್ರೇಯನ್ನೇ ಮತ್ತೆ ಒರೆಸಿದ. "ಉಳಿದದ್ದಕ್ಕೆಲ್ಲ ನಾನಿದ್ದೀನಿ... ನಿನಗೆ ಒಪ್ಪಿಗೆ ಇದ್ರೆ."

ಅವಳ ಕೈ ಒದ್ದೆಯಾಗಿತ್ತು, ತಣ್ಣಗಿತ್ತು. ಅವನು ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಆ ಕೈಗಳನ್ನು ಹಿಡಿದುಕೊಂಡ. ಹೊರಗೆ ಅಮ್ಮ ಅವಳನ್ನು ಕೂಗುತ್ತಿದ್ದಳು. ಇಬ್ಬರೂ ಕದಲಲಿಲ್ಲ.

"ಇನ್ನೊಂದ್ಸಲ ಹೇಳು," ಎಂದಳು ಪುಕ್ಕಲಿ. "ಗಟ್ಟಿಯಾಗಿ ಬೇಡ, ಅಮ್ಮ ಇದ್ದಾಳೆ."

"ಉಳಿದದ್ದಕ್ಕೆಲ್ಲ ನಾನಿದ್ದೀನಿ."

ಅವಳು ಅವನ ಮುಖವನ್ನು ನೋಡಿದಳು. ಹಣೆ, ಕಣ್ಣು, ಒಣಗಿದ ತುಟಿ, ಒಂದನ್ನೂ ಬಿಡದೆ, ಅವಸರ ಮಾಡದೆ ನೋಡಿದಳು. ಆಮೇಲೆ ಹೇಳಿದಳು.

"ಉಳಿದದ್ದಕ್ಕೆಲ್ಲ ನಾನಿದ್ದೀನಿ."

"ಕೇಳಿ ಹೇಳಿದ್ಯಾ?"

"ನೋಡಿ ಹೇಳಿದೆ."

ಅವಳು ಅವನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

"ಭಯ ಆಗ್ತಿದ್ಯಾ?"

"ತುಂಬಾ."

"ಇರಲಿ ಬಿಡು," ಎಂದಳು ಪುಕ್ಕಲಿ. "ಸ್ವಲ್ಪ ಇರಲಿ."